ಆಫ್ರೀನಳ ಖತಂ

ಕಸ್ತೂರಬಾ ನಗರ, ಶಿರಸಿ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಮಗ ಮುಬೀನನಿಗೆ,

ನಿನ್ನ ಅಮ್ಮಿಯ ಸಲಾಂ, ಜೊತೆಗೆ ಕೈಚೀಲದ ತುಂಬ ದುವಾ. ನಾವೆಲ್ಲ ಆರಾಮ ಇದ್ದೇವೆ. ನಿನ್ನ ಅಬ್ಬಾನ ಮೊಣಕಾಲು ಮಾತ್ರ ಆರಾಮಿಲ್ಲ, ಆದರೆ ಕೇಳಿದರೆ ಅವರು ಒಪ್ಪುವುದಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ, ಯಾರಾದರೂ ನೋಡಿದರೆ ಗೋಡೆಯ ಸುಣ್ಣ ಪರೀಕ್ಷೆ ಮಾಡುವವರ ಹಾಗೆ ನಿಲ್ಲುತ್ತಾರೆ.

ಇಷ್ಟು ತಡ ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕಣ್ಣಿನ ಆಪರೇಶನ್ ಆದಮೇಲೆ ಡಾಕ್ಟರು ಓದುಬರಹ ಸ್ವಲ್ಪ ದಿನ ಬೇಡ ಎಂದಿದ್ದರು. ಕಳೆದ ವಾರ ಹೊಸ ಕನ್ನಡಕ ಬಂತು. ಹಾಕಿಕೊಂಡು ನೋಡಿದರೆ ಅಡುಗೆಮನೆಯ ಗೋಡೆ ಎಷ್ಟು ಮಸಿ ಹಿಡಿದಿದೆ ಎಂದು ಗೊತ್ತಾಯಿತು. ಇಷ್ಟು ದಿನ ನಿನ್ನ ಹೆಂಡತಿ ಮೆಹರುನ್ ಒಂದು ಮಾತೂ ಆಡದೆ ಸುಮ್ಮನಿದ್ದಳಲ್ಲ ಎಂದು ನಾಚಿಕೆಯಾಗಿ, ಇಬ್ಬರೂ ಸೇರಿ ಗೋಡೆ ಉಜ್ಜಿದೆವು. ಆಮೇಲೆ ಪೆನ್ನು ಹಿಡಿದೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಮುಂದ್ರಾ ಬಂದರಿನಲ್ಲಿ ನಿನ್ನ ಜೊತೆಯವರು ನಗಬಹುದು, ನಗಲಿ. ಫೋನಿನಲ್ಲಿ ನಾನು ಹೇಳಲು ಶುರು ಮಾಡುವಷ್ಟರಲ್ಲಿ ನಿನ್ನ ಹಿಂದೆ ಯಾವುದೋ ಕಂಟೇನರ್ ಇಳಿಯುತ್ತದೆ, ನೀನು "ಆಮೇಲೆ ಮಾಡ್ತೀನಿ ಅಮ್ಮಿ" ಎನ್ನುತ್ತೀ. ಕಾಗದವಾದರೆ ನೀನು ಚಹಾ ಕುಡಿಯುವಾಗ ಓದಬಹುದು, ನಿಲ್ಲಿಸಿ ಮತ್ತೆ ಓದಬಹುದು. ನಿನಗೆ ಉರ್ದು ಅಕ್ಷರ ಬಾರದು, ನಾನೋ ಜೀವನವೆಲ್ಲ ಕನ್ನಡ ಶಾಲೆಯ ಟೀಚರು. ಹಾಗಾಗಿ ಇಲ್ಲಿ ಉರ್ದುವಿನಲ್ಲಿ ಆಡಿದ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹೋದ ಭಾನುವಾರದ ಹಿಂದಿನ ಭಾನುವಾರ ನಿನ್ನ ಮಗಳು ಆಫ್ರೀನಳ ಕುರಾನ್ ಖತಂ ಆಯಿತು. ನೀನು ಫೋನಿನಲ್ಲಿ ನೋಡಿದ್ದು ಅದರ ಬಾಲ ಮಾತ್ರ, ಅದೂ ನೆಟ್‌ವರ್ಕ್ ಕಡಿದು ಕಡಿದು. ಹುಟ್ಟಿದಾಗಿನಿಂದ ಒಂದು ಸದ್ದೂ ಕೇಳದ ಹುಡುಗಿ ಕುರಾನ್ ಹೇಗೆ ಓದಿ ಮುಗಿಸಿದಳು, ಮಸೀದಿಯಲ್ಲಿ ಗಲಾಟೆಯಾಯಿತಂತೆ ನಿಜವಾ ಎಂದು ನೀನು ಕೇಳಿದ್ದೆ. ಗಲಾಟೆ ಅಂತಲ್ಲ. ಮೊದಲಿನಿಂದ ಹೇಳುತ್ತೇನೆ.

ನಿನ್ನ ತಂಗಿಯ ಮಗಳು ಸಂಜೆ ಮಸೀದಿಯ ಪಾಠಕ್ಕೆ ಹೋಗುವಾಗ ಆಫ್ರೀನಳೂ ಜೊತೆಗೆ ಹೋಗುತ್ತಿದ್ದಳು. ಮೊದಮೊದಲು ಬರೀ ಜೊತೆಗೆ. ಅಲ್ಲಿಯ ಇಮಾಮ್, ನಮ್ಮ ಹಜ್ರತ್‌ರ ಹೆಂಡತಿ ಇವಳ ಕೈಗೂ ಒಂದು ಅರಬ್ಬಿ ಅಕ್ಷರಮಾಲೆ ಕೊಟ್ಟರು, ಸುಮ್ಮನೆ ಕೂತಿರುವ ಮಗು ಎಂದು. ಉಳಿದ ಮಕ್ಕಳು ಕೂಗಿ ಕಲಿತದ್ದನ್ನು ಇವಳು ಬರೆದು ಕಲಿತಳು. ಅಕ್ಷರ ಕೂಡಿಸಲು ಬಂದಮೇಲೆ ಮನೆಯಲ್ಲಿ ನನ್ನ ಕಪಾಟಿನಲ್ಲಿದ್ದ, ಕನ್ನಡ ಅನುವಾದವಿರುವ ಕುರಾನನ್ನು ಕೇಳಿದಳು. ಅರಬ್ಬಿಯ ಸಾಲಿನ ಮೇಲೆ ಬಲದಿಂದ ಎಡಕ್ಕೆ ಬೆರಳು, ಮತ್ತೆ ಅದರ ಕನ್ನಡದ ಮೇಲೆ ಎಡದಿಂದ ಬಲಕ್ಕೆ ಬೆರಳು. ತಿಳಿಯದ ಮಾತು ಬಂದರೆ ನನ್ನ ಸೆರಗು ಎಳೆಯುತ್ತಿದ್ದಳು. ನನಗೂ ತಿಳಿಯದಿದ್ದರೆ ಅವಳ ಶಾಲೆಯ ನೇತ್ರಾ ಟೀಚರಿಗೆ ಕಾದಿಡುತ್ತಿದ್ದಳು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಕೈಮಾತು ಕಲಿಸುವ ಈ ನೇತ್ರಾ ಸಿದ್ದಾಪುರದವರು, ಅಡಿಕೆ ತೋಟದ ಮನೆಯ ಹುಡುಗಿ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಅವರಿಗೆ ನಮ್ಮ ಕಿತಾಬಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಆಫ್ರೀನ್ ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಈಗ ಅರ್ಧ ಗೊತ್ತಾಗಿದೆ ಎಂದು ನಗುತ್ತಾರೆ. ಹೀಗೆ ವರ್ಷಗಟ್ಟಲೆ ನಡೆದು, ಈ ಮಳೆಗಾಲದಲ್ಲಿ ಒಂದು ದಿನ ಕೊನೆಯ ಪುಟ ಮುಗಿಸಿ, ಪುಸ್ತಕ ಮುಚ್ಚಿ, ಅದಕ್ಕೆ ಮುತ್ತಿಟ್ಟು ನನ್ನ ಮುಂದೆ ಕೂತಳು.

ಅಷ್ಟರಲ್ಲಿ ಬಕ್ರೀದ್ ಕಳೆದು ನಿನ್ನ ತಂಗಿಯ ಮಗಳ ಖತಂ ಆಗಿತ್ತು. ಜರಿ ಬಟ್ಟೆ, ಕೊರಳಿಗೆ ಮಲ್ಲಿಗೆ, ಬಂದವರಿಗೆಲ್ಲ ಲಾಡು, ಹಜ್ರತ್ ಮುಂದೆ ಕೂತು ಕುರಾನಿನ ಕೊನೆಯ ಚಿಕ್ಕ ಸೂರಾಗಳನ್ನು ಓದುವ ಶಾಸ್ತ್ರ, ಅದೆಲ್ಲವನ್ನೂ ಆಫ್ರೀನ್ ನೋಡಿದ್ದಳು. ಅವಳ ಕೈ ಕೇಳಿದ್ದು ಒಂದೇ, ನನ್ನದು ಯಾವಾಗ?

ನಾನು ಹಜ್ರತ್‌ರ ಹತ್ತಿರ ಹೋದೆ. ಅವರು ಒಳ್ಳೆಯ ಮನುಷ್ಯ, ನಿನಗೂ ಗೊತ್ತು. ನಿನ್ನ ಅಬ್ಬಾ ಆಸ್ಪತ್ರೆಯಲ್ಲಿದ್ದಾಗ ಸ್ವಂತ ತಮ್ಮನ ಹಾಗೆ ಓಡಾಡಿದವರು. ನನ್ನ ಮಾತು ಪೂರ್ತಿ ಕೇಳಿಸಿಕೊಂಡರು.

"ಅಮ್ಮಾ, ಖತಂ ಎಂದರೆ ಇವಳು ಪೂರ್ತಿ ಓದಿದಳು, ನಾನು ಕೇಳಿದೆ ಎಂದು ನಾಲ್ಕು ಜನರ ಮುಂದೆ ಸಾಕ್ಷಿ ಹೇಳುವುದು," ಎಂದರು. "ಓದು ನಾಲಿಗೆಯ ಕೆಲಸ. ನಾನು ಕೇಳದೇ ಇದ್ದದ್ದನ್ನು ಕೇಳಿದೆ ಎಂದು ಹೇಗೆ ಹೇಳಲಿ?"

ಆಮೇಲೆ ನನ್ನ ಮುಖ ನೋಡಿ, ಮಗುವಿಗೆ ಇದು ಮಾಫ್ ಇದೆ, ಅಲ್ಲಾಹ್ ಅವಳ ಮೇಲೆ ಈ ಭಾರ ಹಾಕಿಯೇ ಇಲ್ಲ, ಓದದೆಯೂ ಅವಳಿಗೆ ಜನ್ನತ್ ಇದೆ ಎಂದು ಸಮಾಧಾನ ಹೇಳಿದರು. ಸಮಾಧಾನಕ್ಕೇ ಹೇಳಿದ್ದು. ನಾನೂ ತಲೆ ಆಡಿಸಿ ಬಂದೆ.

ಮನೆಯಲ್ಲಿ ಮೆಹರುನ್ ಅದನ್ನು ಕೈಯಲ್ಲಿ ಮಗುವಿಗೆ ತಿಳಿಸಿದಳು. ಆಫ್ರೀನ್ ಯೋಚಿಸಿ ಕೇಳಿದ್ದನ್ನು ಹಾಗೇ ಬರೆಯುತ್ತೇನೆ: "ಮಾಫ್ ಅಂದರೆ ನನ್ನಿಂದ ಅದು ಬೇಡ ಅಂತಲಾ, ಅದಕ್ಕೆ ನಾನು ಬೇಡ ಅಂತಲಾ?"

ಮೆಹರುನ್ ಹಾಲು ಉಕ್ಕುತ್ತದೆ ಎಂದು ಹೇಳಿ ಒಳಗೆ ಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ. ಇಂಥ ಮಾತುಕತೆ ನಡೆಯುವಾಗ ಸಾಮಾನ್ಯವಾಗಿ ತೂಕಡಿಸುವ ನಿನ್ನ ಅಬ್ಬಾ ಎದ್ದು ಕುಳಿತು, ಯಲ್ಲಾಪುರದ ಬಡೇ ಹಜ್ರತ್ ಇನ್ನೂ ಇದ್ದಾರೆ, ಅವರನ್ನೇ ಕೇಳೋಣ ಎಂದರು.

ಬಡೇ ಹಜ್ರತ್ ಎಂದರೆ ಮೌಲಾನಾ ಗೌಸ್ ಮೊಹಿದ್ದೀನ್. ನಿನ್ನ ಅಬ್ಬಾ ಯಲ್ಲಾಪುರದಲ್ಲಿ ಲಾರಿ ಬುಕಿಂಗ್ ಆಫೀಸು ನಡೆಸುತ್ತಿದ್ದಾಗ ಪರಿಚಯ. ದೂರದ ದೊಡ್ಡ ಮದರಸಾದಲ್ಲಿ ತರ್ಕ, ತತ್ತ್ವಶಾಸ್ತ್ರ ಕಲಿಸಿ, ವಯಸ್ಸಾದಮೇಲೆ ಊರಿಗೆ ಬಂದವರು. ನಮ್ಮ ಹಜ್ರತ್‌ರಿಗೂ ಅವರೇ ಗುರು. ಅಬ್ಬಾ ಹೋಗಿ ವಿಷಯ ತಿಳಿಸಿದಾಗ ನಮ್ಮ ಹಜ್ರತ್ ಬೇಸರ ಮಾಡಿಕೊಳ್ಳಲಿಲ್ಲ. ನನಗೂ ರಾತ್ರಿ ನಿದ್ದೆ ಬರುತ್ತಿಲ್ಲ, ನಾನೂ ಬರುತ್ತೇನೆ ಎಂದರು.

ಹಾಗೆ ನಮ್ಮ ಹಳೆಯ ಓಮ್ನಿಯಲ್ಲಿ ಎಲ್ಲರೂ ಹೊರಟೆವು. ಮುಂದೆ ಅಬ್ಬಾ ಮತ್ತು ಹಜ್ರತ್, ಹಿಂದೆ ನಾನು, ಮೆಹರುನ್, ಆಫ್ರೀನ್, ನೇತ್ರಾ ಟೀಚರ್. ದೊಡ್ಡ ದೊಡ್ಡ ಮಾತು ಬಂದರೆ ಕೈಗೆ ತರುವುದು ತನ್ನಿಂದಾಗದು ಎಂದು ಮೆಹರುನಳೇ ಅವರನ್ನು ಕರೆದಿದ್ದಳು. ಮಂಚಿಕೇರಿಯಲ್ಲಿ ಚಹಾಕ್ಕೆ ಇಳಿದಾಗ ಹಜ್ರತ್ ಗಡ್ಡ ನೀವಿಕೊಳ್ಳುತ್ತ, ಕೈಮಾತಿನಲ್ಲಿ ಚಹಾಕ್ಕೆ ಏನು ಹೇಳುತ್ತಾರೆ ಎಂದು ನೇತ್ರಾರನ್ನು ಕೇಳಿದರು. ಅವರು ತೋರಿಸಿದರು. ಹಜ್ರತ್ ಮಾಡಿದ್ದು ನೋಡಿ ಆಫ್ರೀನ್ ಬಿದ್ದು ಬಿದ್ದು ನಕ್ಕಳು. ಅವರು ಕೇಳಿದ್ದು ಚಹಾ ಅಲ್ಲವಂತೆ, ಹಲ್ಲುಜ್ಜುವ ಬ್ರಶ್ಶಂತೆ.

ಬಡೇ ಹಜ್ರತ್ ಇರುವುದು ಹೆದ್ದಾರಿಯ ಪಕ್ಕ, ಮಗನ ಟೈರ್ ಅಂಗಡಿಯ ಮಾಳಿಗೆಯ ಮೇಲೆ. ಅಂಕೋಲಾ ಕಡೆಯಿಂದ ಲೋಡ್ ಲಾರಿ ಬಂದರೆ ಗಾಜಿನ ಲೋಟಗಳು ನಡುಗುತ್ತವೆ. ಲಾರಿ ಬರುವುದು ನಮಗಿಂತ ಮೊದಲು ಆಫ್ರೀನಳಿಗೆ ಅಂಗಾಲಿನಲ್ಲಿ ಗೊತ್ತಾಗುತ್ತಿತ್ತು. ಅವಳು ಲೋಟ ಹಿಡಿದುಕೊಂಡಳೆಂದರೆ ನಾವೂ ಹಿಡಿದುಕೊಳ್ಳುತ್ತಿದ್ದೆವು. ಮುದುಕರು ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ತುಂಬ ಬಡಕಲಾಗಿದ್ದಾರೆ, ದನಿ ಮಾತ್ರ ಗಟ್ಟಿ.

ಹಜ್ರತ್ ವಿಷಯ ಹೇಳಿದರು. ಬಡೇ ಹಜ್ರತ್ ಎಲ್ಲ ಕೇಳಿ, ನೀವು ಕೇಳುತ್ತಿರುವುದು ಮಗುವಿನ ಪ್ರಶ್ನೆ ಅಲ್ಲ, ಸಾವಿರದ ಮೇಲೆ ವರ್ಷವಾದ ಪ್ರಶ್ನೆ ಎಂದರು. ಹಿಂದೆ ಬಾಗ್ದಾದಿನಲ್ಲಿ ಇದೇ ಪ್ರಶ್ನೆಗೆ ಜನ ಜೈಲು ಕಂಡಿದ್ದಾರೆ, ಬೆನ್ನ ಮೇಲೆ ಚಾಟಿಯೇಟು ತಿಂದಿದ್ದಾರೆ, ನೀವು ಚಹಾ ಕುಡಿಯುತ್ತ ಕೇಳುತ್ತಿದ್ದೀರಿ, ನಿಮ್ಮ ಅದೃಷ್ಟ ದೊಡ್ಡದು ಎಂದು ನಕ್ಕರು.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಅಲ್ಲಾಹನ ಮಾತು ಯಾವಾಗಿನದು ಎಂಬುದೇ ಆ ಜಗಳ. ಅವನೊಬ್ಬನೇ ಅನಾದಿ, ಅವನ ಪಕ್ಕದಲ್ಲಿ ಇನ್ನೊಂದು ಅನಾದಿ ವಸ್ತು ಇರಲು ಸಾಧ್ಯವಿಲ್ಲ, ಆದ್ದರಿಂದ ಆಕಾಶ ಭೂಮಿಯ ಹಾಗೆ ಮಾತನ್ನೂ ಅವನು ಸೃಷ್ಟಿಸಿದ ಎಂದರು ಕೆಲವರು. ಇನ್ನು ಕೆಲವರು, ಮಾತು ಮಾತಾಡುವವನಿಂದ ಬೇರೆಯ ವಸ್ತುವಲ್ಲ, ಅವನು ಯಾವಾಗಿನಿಂದಲೋ ಅದೂ ಆಗಿನಿಂದ ಎಂದರು. ಆವೇಶದಲ್ಲಿ ಕೆಲವರು ಕಾಗದ, ಮಸಿ, ರಟ್ಟು ಎಲ್ಲವೂ ಅನಾದಿ ಎನ್ನುವವರೆಗೂ ಹೋದರಂತೆ. ನಂತರ ಬಂದ ದೊಡ್ಡವರು ಮಾತಿನಲ್ಲೇ ಎರಡು ಕಂಡರು. ಒಂದು ಅಲ್ಲಾಹನಲ್ಲೇ ಇರುವ ಮಾತು. ಅದಕ್ಕೆ ಅಕ್ಷರವಿಲ್ಲ, ಸದ್ದಿಲ್ಲ, ಮೊದಲು ಕೊನೆ ಇಲ್ಲ. ಇನ್ನೊಂದು ನಮ್ಮ ನಾಲಿಗೆಯ ಮೇಲೆ, ಕಿವಿಯಲ್ಲಿ, ಕಾಗದದಲ್ಲಿ ಇರುವುದು. ಅದು ಆ ಮಾತಿನ ಕಡೆ ತೋರಿಸುತ್ತದೆ.

ನನ್ನ ಕಡೆ ತಿರುಗಿ, ಟೀಚರಮ್ಮಾ, ನೀವು ಪಾಠ ಹೇಳುವ ಮೊದಲು ಪಾಠ ನಿಮ್ಮೊಳಗೆ ಇರುತ್ತಿತ್ತಲ್ಲ, ಬೋರ್ಡು ಒರೆಸಿದರೆ ಪಾಠ ಒರೆಸಿ ಹೋಗುತ್ತಿತ್ತಾ ಎಂದು ಕೇಳಿದರು. ಇಲ್ಲ ಎಂದೆ. "ಇದು ಹೋಲಿಕೆ ಅಷ್ಟೇ," ಎಂದರು. "ಅಲ್ಲಾಹನ ವಿಷಯದಲ್ಲಿ ಎಲ್ಲ ಹೋಲಿಕೆಯೂ ಕುಂಟುತ್ತದೆ. ನನ್ನ ಹಾಗೆ."

ತತ್ತ್ವಜ್ಞಾನಿಗಳ ಮಾತೂ ಬಂತು. ಅವರ ಪ್ರಕಾರ ಪೈಗಂಬರರ ಬುದ್ಧಿಗೆ ಮೊದಲು ಬೆಳಕು ತಾಗುತ್ತದೆಯಂತೆ. ಆಮೇಲೆ ಅವರ ಕಲ್ಪನೆ ಆ ಬೆಳಕಿಗೆ ರೂಪ ಕೊಡುತ್ತದೆ, ದನಿ ಕೊಡುತ್ತದೆ, ಮನುಷ್ಯರು ಹಿಡಿಯುವಂತೆ. ಹಜ್ರತ್ ಸ್ವಲ್ಪ ಗಾಬರಿಯಿಂದ, ನೀವು ಇದನ್ನು ಒಪ್ಪುತ್ತೀರಾ ಎಂದರು. ಪೂರ್ತಿ ಒಪ್ಪಿದರೆ ಅಲ್ಲಾಹನ ಮಾತು ಹೊತ್ತು ತರುವ ದೂತ ಜಿಬ್ರೀಲರಿಗೆ ಕೆಲಸವೇ ಉಳಿಯುವುದಿಲ್ಲ ಎಂದರು ಮುದುಕರು. ಬರೀ ಅರ್ಥವಲ್ಲ, ಪದಗಳೂ ಅಲ್ಲಿಂದಲೇ ಇಳಿದು ಬಂದವು ಎಂಬುದೇ ನಮ್ಮ ನಂಬಿಕೆ, ಅದಕ್ಕೇ ಅರಬ್ಬಿಯನ್ನು ಹಾಗೇ ಕಾಪಾಡಿಕೊಂಡಿದ್ದೇವೆ. ಆದರೆ ಆ ಜನ ಒಂದನ್ನು ಸರಿಯಾಗಿ ನೋಡಿದ್ದಾರೆ ಎಂದರು: ಇಳಿಯುವ ಮಾತು ಇಳಿಸಿಕೊಳ್ಳುವವನಿಗೆ ಹಿಡಿಸುವಂತೆ ಬರುತ್ತದೆ. ಪೈಗಂಬರರಿಗೇ ಅದು ಯಾವಾಗಲೂ ಒಂದೇ ರೀತಿ ಬರಲಿಲ್ಲ. ಕೆಲವೊಮ್ಮೆ ದೂತ ಮನುಷ್ಯನ ಹಾಗೆ ಎದುರು ನಿಂತು ಹೇಳುತ್ತಿದ್ದ. ಕೆಲವೊಮ್ಮೆ ಬರೀ ಗಂಟೆ ಹೊಡೆದ ಹಾಗೆ, ತುಂಬ ಕಷ್ಟ ಕೊಟ್ಟು ಬರುತ್ತಿತ್ತು. ಗಂಟೆ ನಿಂತಾಗ ಮಾತು ಎದೆಯಲ್ಲಿ ಇರುತ್ತಿತ್ತು.

ಇದನ್ನೆಲ್ಲ ನೇತ್ರಾ ಟೀಚರ್ ಬೆವರು ಒರೆಸಿಕೊಳ್ಳುತ್ತ ಕೈಯಲ್ಲಿ ಹೇಳುತ್ತಿದ್ದರು. ಉರ್ದು ಅವರಿಗೆ ಅರ್ಧಂಬರ್ಧ. ಮೆಹರುನ್ ಅವರ ಕಿವಿಯಲ್ಲಿ ಕನ್ನಡದಲ್ಲಿ ಹೇಳುವುದು, ಅವರು ಮಗುವಿಗೆ ತೋರಿಸುವುದು. ಗಂಟೆಯ ವಿಷಯ ಬಂದಾಗ ಆಫ್ರೀನ್ ತನ್ನ ಎದೆಯ ಮೇಲೆ ಅಂಗೈ ಒತ್ತಿಕೊಂಡಳು. ಶಾಲೆಯಲ್ಲಿ ಗಂಟೆ ಹೊಡೆದಾಗ ಅವಳು ಕಂಬ ಮುಟ್ಟಿ ನೋಡುತ್ತಾಳಂತೆ.

ಹಜ್ರತ್ ಸುಲಭಕ್ಕೆ ಬಿಡಲಿಲ್ಲ. ಅದೆಲ್ಲ ಸರಿ, ಆದರೆ ಓದು ಎಂದರೆ ನಾಲಿಗೆ ಅಲ್ಲವೇ, ನಾಳೆ ಜನ ಕೇಳಿದರೆ ನಾನೇನು ಹೇಳಲಿ ಎಂದರು. ಮುದುಕರು ನೇರವಾಗಿ ಕೂತರು.

"ಮೂಕನ ನಿಕಾಹ್ ಓದಿಸಿದ್ದೀಯಾ?"

"ಒಮ್ಮೆ. ಬನವಾಸಿ ಕಡೆಯ ಹುಡುಗ."

"ಕುಬೂಲ್ ಹೇಗೆ ಹೇಳಿದ?"

"ಸನ್ನೆಯಲ್ಲಿ."

"ಅವನ ಸನ್ನೆಯನ್ನು ನಂಬಿ ಒಂದು ಹೆಣ್ಣಿನ ಇಡೀ ಬದುಕನ್ನು ಅವನಿಗೆ ಒಪ್ಪಿಸಿದೆ. ನಮ್ಮ ಕಾನೂನು ಬರೆದ ಹಿರಿಯರೇ ಮೂಕನ ಸನ್ನೆ ಅವನ ಮಾತು ಎಂದಿದ್ದಾರೆ. ಮನುಷ್ಯರ ಮುಂದೆ ಮಾತಾದದ್ದು ಅಲ್ಲಾಹನ ಮುಂದೆ ಮಾತಲ್ಲವಾ?"

ಹಜ್ರತ್ ತಲೆ ತಗ್ಗಿಸಿದರು. ಸೋತವರ ಹಾಗಲ್ಲ, ಕಳೆದುಕೊಂಡದ್ದು ಸಿಕ್ಕವರ ಹಾಗೆ.

ಬಡೇ ಹಜ್ರತ್ ಆಫ್ರೀನಳನ್ನು ಹತ್ತಿರ ಕರೆದು, ಅರಬ್ಬಿಯ ಸಾಲು ನೋಡುವಾಗ ನಿನಗೆ ಏನಾಗುತ್ತದೆ ಎಂದು ಕೇಳಿಸಿದರು. ಅವಳು ಹೆದರಲಿಲ್ಲ. ಅಕ್ಷರಗಳು ನಮಾಜಿಗೆ ನಿಂತ ಜನರ ಹಾಗೆ ಕಾಣುತ್ತವೆ ಎಂದಳು. ಎಲ್ಲರೂ ಒತ್ತಿ ನಿಂತಿರುತ್ತಾರೆ, ಮೊದಲ ಅಕ್ಷರ ಅಲಿಫ್ ಮತ್ತು ಅದರಂಥ ಕೆಲವು ಮಾತ್ರ ಹಿಂದಿನವನ ಕೈ ಹಿಡಿಯುತ್ತವೆ, ಮುಂದಿನವನಿಗೆ ಕೈ ಕೊಡುವುದಿಲ್ಲ. ಯಾಕೆ ಎಂದು ಹಜ್ರತ್‌ರನ್ನು ಕೇಳಬೇಕೆಂದಿದ್ದೆ, ಆದರೆ ಅವರಿಗೆ ನನ್ನ ಕೈಮಾತು ಬರುವುದಿಲ್ಲ ಎಂದಳು. ಹೀಗೆ ಹೇಳಿ, ಅವಳೇ ಒಂದು ಪ್ರಶ್ನೆ ಹಾಕಿದಳು.

"ಅಲ್ಲಾಹನಿಗೆ ಕಿವಿ, ಬಾಯಿ ಇದೆಯಾ?"

ಇಲ್ಲ ಮಗಳೇ, ಅವನು ಕಿವಿ ಇಲ್ಲದೆ ಕೇಳುತ್ತಾನೆ, ಬಾಯಿ ಇಲ್ಲದೆ ಮಾತಾಡುತ್ತಾನೆ ಎಂದರು ಅವರು.

ಅವಳ ಮುಖ ಅರಳಿತು. "ಹಾಗಾದರೆ ನನ್ನ ಹಾಗೆ," ಎಂದಳು.

ನೇತ್ರಾ ಟೀಚರ್ ಅದನ್ನು ಬಾಯಿಬಿಟ್ಟು ಹೇಳಲು ಹಿಂದೆಮುಂದೆ ನೋಡಿದರು. ಮೆಹರುನ್ ಹೇಳಿದಳು. ನಮ್ಮ ಹಜ್ರತ್ ತೋಬಾ ತೋಬಾ ಎಂದು ಕೆನ್ನೆ ಮುಟ್ಟಿಕೊಂಡರು. ಅಲ್ಲಾಹನನ್ನು ಯಾರಿಗಾದರೂ ಹೋಲಿಸುವುದೆಂದರೆ ಎಷ್ಟು ದೊಡ್ಡ ಪಾಪ ಎಂದು ನಿನಗೆ ಗೊತ್ತಲ್ಲ. ಬಡೇ ಹಜ್ರತ್ ಮಾತ್ರ ನಗಲು ಶುರು ಮಾಡಿದರು. ನಗು ಕೆಮ್ಮಾಗಿ, ಕೆಮ್ಮು ಕಣ್ಣೀರಾಗಿ, ಮಗ ಕೆಳಗಿಂದ ಓಡಿ ಬಂದು ಬೆನ್ನು ತಿಕ್ಕಬೇಕಾಯಿತು. ಸುಧಾರಿಸಿಕೊಂಡು ಅವಳ ಎರಡೂ ಕೈ ಹಿಡಿದು ಹೇಳಿದರು.

"ಅವನ ಹಾಗೆ ಯಾರೂ ಇಲ್ಲ ಮಗಳೇ, ನೀನೂ ಇಲ್ಲ. ಆದರೆ ಸದ್ದಿಲ್ಲದೆಯೂ ಮಾತು ಇರುತ್ತದೆ ಎಂದು ನಾನು ಅರವತ್ತು ವರ್ಷ ಹುಡುಗರಿಗೆ ಕಲಿಸಿದೆ. ಒಬ್ಬನೂ ಮನಸಾರೆ ನಂಬಲಿಲ್ಲ. ನೀನು ನಂಬುತ್ತೀ."

ಕೈ ಹಿಡಿದುಕೊಂಡೇ ಹೇಳಿದ್ದರಿಂದ ಅವಳು ತಿರುಗಿ ಏನೂ ಹೇಳುವಂತಿರಲಿಲ್ಲ. ಅದು ನೇತ್ರಾರಿಗೆ ಹೊಳೆದು, ಕೈ ಬಿಡಲು ಹೇಳಿದರು. ಬಿಟ್ಟಮೇಲೆ ಅವಳು ಹೇಳಿದ್ದು, ಖತಂಗೆ ನೀವೂ ಬರಬೇಕು.

ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಿ ಎಂದು ನಿನ್ನ ಅಬ್ಬಾ ಕೇಳಿದರು. ಬಡೇ ಹಜ್ರತ್ ಒಪ್ಪಲಿಲ್ಲ. ಕಾಗದ ಕೊಟ್ಟರೆ ಜಗಳ ಕಾಗದದ ಮೇಲೆ ಆಗುತ್ತದೆ, ಇವನು ಕಣ್ಣಾರೆ ನೋಡಿದ್ದಾನೆ, ಇವನೇ ಹೇಳಲಿ ಎಂದು ಶಿಷ್ಯನ ಬೆನ್ನು ತಟ್ಟಿದರು.

ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ, ಕಣ್ಣು ಉರಿಯತೊಡಗಿತು. ಇವತ್ತು ಮಂಗಳವಾರ, ಸಂತೆಯ ದಿನ. ಮೆಹರುನ್ ಪೇಟೆಗೆ ಹೋಗಿದ್ದಾಳೆ, ಮನೆ ತಣ್ಣಗಿದೆ.

ಮಸೀದಿಯ ಜಮಾತಿನ ಮೀಟಿಂಗಿಗೆ ಅಬ್ಬಾ ಹೋಗಿದ್ದರು. ಹಜ್ರತ್ ಎಲ್ಲವನ್ನೂ ಹೇಳಿದರಂತೆ. ಹೆಚ್ಚಿನವರು ತಲೆ ಆಡಿಸಿದರು. ಗುಜರಿ ಅಂಗಡಿಯ ದಸ್ತಗೀರ್ ಸಾಹೇಬರು ಮಾತ್ರ ಎದ್ದು, ಇವತ್ತು ಕೈಯಲ್ಲಿ ಅರ್ಥ ಹೇಳಿದ್ದನ್ನೇ ಓದು ಎಂದು ಒಪ್ಪಿದರೆ ನಾಳೆ ಅರಬ್ಬಿಯೇ ಯಾಕೆ ಬೇಕು ಎನ್ನುವವರು ಬರುತ್ತಾರೆ, ಆಗ ಕಿತಾಬಿನ ಗತಿಯೇನು ಎಂದು ಕೇಳಿದರು. ಅದು ದಡ್ಡರ ಪ್ರಶ್ನೆಯಲ್ಲ, ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ ಎಂದು ಅಬ್ಬಾನೇ ಹೇಳುತ್ತಾರೆ. ಅರಬ್ಬಿ ಎಲ್ಲೂ ಹೋಗುವುದಿಲ್ಲ, ಮಗು ಕಣ್ಣಲ್ಲಿ ಓದಿದ್ದು ಅದನ್ನೇ, ಖತಂನ ದಿನ ನಾನು ಅದನ್ನು ದನಿಯಲ್ಲಿ ಓದುತ್ತೇನೆ, ಅವಳು ಕೈಯಲ್ಲಿ ಓದುತ್ತಾಳೆ ಎಂದರಂತೆ ಹಜ್ರತ್. ಸಾಹೇಬರು ಮತ್ತೂ ಒಪ್ಪದೆ, ಹೀಗಾದರೆ ಬೇರೆ ಇಮಾಮರನ್ನು ನೋಡಬೇಕಾಗುತ್ತದೆ ಎಂದಾಗ ಹಜ್ರತ್ ಟೊಪ್ಪಿ ಸರಿಮಾಡಿಕೊಂಡು ಹೇಳಿದ ಮಾತು ಈಗ ಮೊಹಲ್ಲಾ ತುಂಬ ಓಡಾಡುತ್ತಿದೆ: "ನೋಡಿರಿ. ಆದರೆ ಈ ಮಗುವಿನ ಖತಂ ಮಾಡಿಸಿಯೇ ನಾನು ಹೋಗುವುದು."

ಯಾರೂ ಬೇರೆ ಇಮಾಮರನ್ನು ನೋಡಲಿಲ್ಲ. ಮಸೀದಿಯಲ್ಲಿ ಬೇಡ, ಮನೆಯಲ್ಲಿ ಆಗಲಿ ಎಂದು ತೀರ್ಮಾನವಾಯಿತು. ನನಗೆ ಸ್ವಲ್ಪ ನೋವಾಯಿತು. ಆಫ್ರೀನಳಿಗೆ ಆಗಲಿಲ್ಲ. ಮನೆಯಾದರೆ ಲಾಡು ಜಾಸ್ತಿ ಎಂದಳು.

ತಯಾರಿಯಲ್ಲಿ ಒಂದೇ ಒಂದು ಶಬ್ದ ನಮ್ಮನ್ನು ಬಹಳ ಕಾಡಿತು. ಅಲ್ಲಾಹ್ ಒಬ್ಬನೇ ಎನ್ನುವ ಆ ಚಿಕ್ಕ ಸೂರಾದಲ್ಲಿ 'ಸಮದ್' ಎಂದು ಬರುತ್ತದೆ. ಯಾರ ಹಂಗೂ ಇಲ್ಲದವನು, ಎಲ್ಲರೂ ತನ್ನನ್ನೇ ಆತುಕೊಂಡಿರುವವನು, ಎರಡೂ ಅದರಲ್ಲಿದೆ. ನೇತ್ರಾ ಟೀಚರ್ ಎರಡು ಶನಿವಾರ ಬಂದು ಕೂತು ಕೈಚೆಲ್ಲಿದರು. ದಣಿದಾಗ ಅವರಿಗೆ ಮನೆಮಾತು ಬಂದುಬಿಡುತ್ತದೆ. "ಎಂತ ಮಾಡನ ಅಮ್ಮಾ, ಇದಕ್ಕೆ ಎಂಗಳ ಕೈಯಲ್ಲಿ ಶಬ್ದವೇ ಇಲ್ಲೆ," ಎಂದರು. ಆಫ್ರೀನ್ ನಮ್ಮಿಬ್ಬರ ಮುಖ ನೋಡುತ್ತಿದ್ದವಳು, ಎಡಗೈ ಮುಷ್ಟಿ ಕಟ್ಟಿ ನೆಟ್ಟಗೆ ನಿಲ್ಲಿಸಿದಳು. ಬಲಗೈಯ ಬೆರಳುಗಳು ಒಂದೊಂದೇ ಬಂದು ಅದಕ್ಕೆ ಒರಗಿದವು. ಮುಷ್ಟಿ ಅಲುಗಲಿಲ್ಲ. ನಾನು ಓದಿದ ಯಾವ ಅನುವಾದವೂ ನನಗೆ ಅದನ್ನು ಇಷ್ಟು ಸ್ಪಷ್ಟ ತೋರಿಸಿರಲಿಲ್ಲ. ಅರಬ್ಬಿ ಅರಬ್ಬಿಯೇ, ನಾನು ಅದನ್ನು ಬಿಟ್ಟುಕೊಡುವವಳಲ್ಲ. ಆದರೆ ಆ ದಿನ ಇವಳ ಕೈ ನೋಡಿ ನಾನೂ ಮುಷ್ಟಿ ಕಟ್ಟಿ, ಬೆರಳು ಒರಗಿಸಿ ನೋಡಿದೆ.

ಖತಂನ ದಿನ ಮಧ್ಯಾಹ್ನದ ಜೊಹರ್ ನಮಾಜಾದಮೇಲೆ ಜನ ಬಂದರು. ಹಾಲ್ ತುಂಬಿ ಅಂಗಳಕ್ಕೂ ಕುರ್ಚಿ ಹಾಕಿದೆವು. ಆಫ್ರೀನಳಿಗೆ ಹಸಿರು ಬಟ್ಟೆ, ನೀನು ಕಳಿಸಿದ್ದು. ತೋಳು ಸ್ವಲ್ಪ ಉದ್ದವಾಗಿತ್ತು, ಕೈ ಕಾಣುವುದಿಲ್ಲ ಎಂದು ಮೆಹರುನ್ ಮಡಚಿ ಹೊಲಿದಿದ್ದಳು. ಬಡೇ ಹಜ್ರತ್‌ರಿಗೆ ಬರಲಾಗಲಿಲ್ಲ, ಮಗನ ಕೈಯಲ್ಲಿ ಖರ್ಜೂರ ಕಳಿಸಿದ್ದರು.

ಹಜ್ರತ್ ಒಂದು ಆಯತ್ ಓದುವುದು, ನಿಲ್ಲುವುದು. ಆಫ್ರೀನ್ ಸಾಲಿನ ಮೇಲೆ ಬೆರಳು ಎಳೆದು, ತಲೆಯೆತ್ತಿ, ಕೈಯಲ್ಲಿ ಹೇಳುವುದು. ಮೊದಲು ಜನ ಪಿಸುಗುಡುತ್ತಿದ್ದರು. ಎರಡನೆಯ ಸೂರಾಕ್ಕೆ ಪಿಸುಮಾತು ನಿಂತಿತು, ಮೂರನೆಯದಕ್ಕೆ ಹಿಂದೆ ಕೂತವರು ಎದ್ದು ನಿಂತರು, ಕೇಳಲು ಅಲ್ಲ, ನೋಡಲು. ಅವಳು 'ಸಮದ್' ತೋರಿಸಿದಾಗ ನಿನ್ನ ಅಬ್ಬಾ ನನ್ನ ಕಡೆ ಬಾಗಿ, "ಇದರ ಅರ್ಥ ಇದಾ?" ಎಂದರು. ಹುಡುಗನಾಗಿದ್ದಾಗಿನಿಂದ ದಿನಾ ಅದನ್ನು ಓದುತ್ತಿರುವ ಮನುಷ್ಯ. ನಾನು ಹ್ಞೂಂ ಎಂದೆ. ಆಮೇಲೆ ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಕೊನೆಯ ಸೂರಾದಲ್ಲಿ ಅವಳು ನಿಂತುಬಿಟ್ಟಳು. ಮರೆತುಹೋಯಿತು. ಸಾಲು ನೋಡುತ್ತಾಳೆ, ಕೈ ಏಳುವುದಿಲ್ಲ. ನೇತ್ರಾ ಟೀಚರ್ ಎಲ್ಲೋ ಹೆಂಗಸರ ಹಿಂದೆ ಸಿಕ್ಕಿಕೊಂಡಿದ್ದರು, ಅಲ್ಲಿಂದ ಅವಳಿಗೆ ಕಾಣುವಂತಿರಲಿಲ್ಲ. ಆಗ ಹಜ್ರತ್ ಕಿತಾಬನ್ನು ಮಡಿಲಿಗಿಟ್ಟು, ತಮ್ಮ ಎರಡು ದಪ್ಪ ಕೈಗಳನ್ನು ಎತ್ತಿ, ಮಕ್ಕಳು ಹೊಸದಾಗಿ ನಡೆಯುವ ಹಾಗೆ ತಡವರಿಸುತ್ತ, ಮುಂದಿನ ಮಾತನ್ನು ತೋರಿಸಿದರು. ಹೃದಯದೊಳಗೆ ಪಿಸುಗುಡುವುದು ಎನ್ನುವುದನ್ನು. ಅವರು ಇದನ್ನು ಯಾವಾಗ ಕಲಿತರೋ ನಮಗೆ ಯಾರಿಗೂ ಗೊತ್ತಿರಲಿಲ್ಲ. ಸಂಜೆ ಶಾಲೆ ಬಿಟ್ಟಮೇಲೆ ನೇತ್ರಾರ ಬಸ್ಸು ಬರುವವರೆಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಲಿಯುತ್ತಿದ್ದರಂತೆ. ಆಫ್ರೀನ್ ಅವರ ಕೈ ನೋಡಿದಳು, ತಪ್ಪಿದ್ದ ಒಂದು ಬೆರಳನ್ನು ಹಿಡಿದು ಸರಿಮಾಡಿದಳು, ಮತ್ತೆ ತಾನು ಮುಂದುವರಿಸಿ ಮುಗಿಸಿದಳು.

"ಈ ಮಗು ಓದಿದ್ದನ್ನು ನಾನು ಕಂಡೆ," ಎಂದು ಹಜ್ರತ್ ಎಲ್ಲರಿಗೂ ಕೇಳುವಂತೆ ಹೇಳಿದರು. ಕೇಳಿದೆ ಎನ್ನಲಿಲ್ಲ, ಕಂಡೆ ಎಂದರು. ಆಮೀನ್ ಎಂದು ಎಲ್ಲರ ದನಿಯೂ ಏಳುವಾಗ ಮೆಹರುನ್ ಬಾಗಿಲಿನ ಚೌಕಟ್ಟು ಹಿಡಿದು ಅಳುತ್ತಿದ್ದಳು.

ದಸ್ತಗೀರ್ ಸಾಹೇಬರು ಗೇಟಿನ ಹತ್ತಿರ ನಿಂತು ನೋಡಿ, ಊಟಕ್ಕೆ ಕರೆಯುವ ಮೊದಲೇ ಹೋದರು. ಅವರ ಮನಸ್ಸು ಬದಲಾಗಿಲ್ಲ, ಬದಲಾಗಲೇಬೇಕೆಂದೂ ಇಲ್ಲ. ಅವರ ಹೆಂಡತಿ ಕೂತು ಎರಡು ಸಲ ಬಿರಿಯಾನಿ ಹಾಕಿಸಿಕೊಂಡು, ಆಫ್ರೀನಳ ಕೈಗೆ ಮುತ್ತಿಟ್ಟು ಹೋದರು.

ಇಷ್ಟೇ ಮಗಾ ನಡೆದದ್ದು. ಮೆಹರುನ್ ನಿನಗೆ ಮೀನಿನ ಉಪ್ಪಿನಕಾಯಿ ಕಳಿಸುತ್ತಾಳಂತೆ, ಯಾರಾದರೂ ಆ ಕಡೆ ಬರುವ ಡ್ರೈವರ್ ಇದ್ದರೆ ಅಬ್ಬಾನಿಗೆ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೋ. ಆ ಎತ್ತರದ ಕ್ರೇನುಗಳ ಕೆಳಗೆ ನೀನು ನಡೆಯುವಾಗಲೆಲ್ಲ ಅಲ್ಲಾಹ್ ನಿನ್ನ ನೆತ್ತಿಯ ಮೇಲೆ ಕೈಯಿಟ್ಟಿರಲಿ. ನಿನ್ನ ದುಡಿಮೆಯಲ್ಲಿ ಬರ್ಕತ್ ಇರಲಿ, ನಿನ್ನ ದಾರಿ ಯಾವಾಗಲೂ ಮನೆಯ ಕಡೆ ತಿರುಗಲಿ. ನಿನ್ನನ್ನು ಎದೆಗೆ ಒತ್ತಿಕೊಂಡು,

ನಿನ್ನ ಅಮ್ಮಿ,
ನೂರ್ಜಹಾನ್

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಕವರು ಅಂಟಿಸುವ ಮೊದಲು ಬರೆದುಬಿಡುತ್ತೇನೆ. ಕೈಮಾತಿನವರು ಜನರ ಹೆಸರನ್ನು ಅಕ್ಷರ ಕೂಡಿಸಿ ಹೇಳುವುದಿಲ್ಲವಂತೆ, ಅವರವರನ್ನು ಕಂಡ ಹಾಗೆ ಒಂದು ಸನ್ನೆ ಇಡುತ್ತಾರಂತೆ. ಖತಂನ ದಿನ ಊಟವಾದಮೇಲೆ ಹೆಂಗಸರೆಲ್ಲ ಆಫ್ರೀನಳನ್ನು ಸುತ್ತುವರಿದು, ಯಾರ್‍ಯಾರಿಗೆ ಏನೇನು ಹೆಸರು ಎಂದು ಕೇಳುತ್ತಿದ್ದರು. ನನಗೆ, ಅಂಗೈ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ನಿನ್ನ ಅಬ್ಬಾನಿಗೆ, ಸ್ಟೇರಿಂಗ್ ತಿರುಗಿಸುವುದು. ಮೆಹರುನಳಿಗೆ, ಗಲ್ಲದ ಮಚ್ಚೆಯ ಮೇಲೆ ಒಂದು ಬೆರಳು. ಎಲ್ಲರೂ ನಗುತ್ತಿದ್ದರು. ನಿನ್ನ ತಂಗಿ ಅವಳನ್ನು, "ನಿನ್ನ ಅಪ್ಪನಿಗೆ ಏನು ಹೆಸರು?" ಎಂದು ಕೇಳಿದಳು. ಆಫ್ರೀನ್ ಕೈಯನ್ನು ಫೋನಿನ ಹಾಗೆ ಮುಖದ ಮುಂದೆ ಹಿಡಿದಳು, ಒಂದು ಗಳಿಗೆ ಅದನ್ನು ನೋಡಿದಳು, ಆಮೇಲೆ ಪಕ್ಕದಲ್ಲಿದ್ದವರ ಕಡೆ ಚಾಚಿದಳು. ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಮೆಹರುನ್ ನಗಲಿಲ್ಲ, ಅವಳಿಗೆ ಈ ಹೆಸರು ಮೊದಲೇ ಗೊತ್ತಿತ್ತು. ನಾನು ಆಮೇಲೆ ಮಗುವನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದೆ. ನಿನ್ನ ತುಟಿಯಲ್ಲಿ ಅವಳಿಗೆ ಓದಲು ಬರುವುದು ಒಂದೇ ಮಾತಂತೆ: "ಫೋನ್ ಮಮ್ಮಿಗೆ ಕೊಡು." ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ ಮುಬೀನ್. ನನ್ನ ಹೆಸರು ಹೇಳುವಷ್ಟೇ ಪ್ರೀತಿಯಿಂದ ಅದನ್ನೂ ಹೇಳುತ್ತಾಳೆ. ಇಟ್ಟ ಹೆಸರು ಬದಲಾಗುತ್ತದಾ ಎಂದು ನೇತ್ರಾ ಟೀಚರನ್ನು ಕೇಳಿದೆ. ಬದಲಾಗುತ್ತದೆ, ಆದರೆ ಅದನ್ನು ಇಟ್ಟವರೇ ಬದಲಿಸಬೇಕು ಎಂದರು.